ಮೊದಲು ರಿಜಿಸ್ಟರ್, ಆಮೇಲೆ ಹೆಂಚು: ಕೊಡಗಿನ ಮುಚ್ಚಿದ ಕಾಲೇಜೊಂದರ ಪ್ರಕರಣ

ಇದು ಕೊಡಗಿನ ಒಂದು ಸಣ್ಣ ಪಟ್ಟಣದ ಪದವಿ ಕಾಲೇಜಿನ ಕಥೆ. ಕಾಲೇಜು ಈಗ ಇಲ್ಲ. ಊರು, ಕಾಲೇಜು, ಜಾಗ ಕೊಟ್ಟ ಮನೆತನ ಯಾವುದರ ಹೆಸರನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಅಲ್ಲಿ ಓದಿದವಳು, ಉಳಿಸುವ ಕೆಲಸದಲ್ಲಿ ಮೊದಲ ದಿನದಿಂದ ಇದ್ದವಳು. ಬೇರೆ ಊರುಗಳ ಹಳೆ ವಿದ್ಯಾರ್ಥಿಗಳೂ ಇಂಥ ಕೆಲಸಕ್ಕೆ ಇಳಿಯುತ್ತಿದ್ದಾರೆ ಅಂತ ಕೇಳುತ್ತಿರುತ್ತೇನೆ. ನಾವು ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅಂತ ಅವರಿಗೆ ತಿಳಿದರೆ ಒಂದು ಮಳೆಗಾಲವಾದರೂ ಅವರಿಗೆ ಉಳಿಯುತ್ತದೆ.

ಹಿನ್ನೆಲೆ

ಕಾಲೇಜು ಶುರುವಾದದ್ದು 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ. ಅದಕ್ಕೆ ಮುಂಚೆ ನಮ್ಮ ಕಡೆಯವರು ಡಿಗ್ರಿ ಓದಬೇಕಾದರೆ ಮಡಿಕೇರಿಗೆ ಹೋಗಬೇಕಿತ್ತು, ಇಲ್ಲವೇ ಘಟ್ಟ ಇಳಿದು ಮಂಗಳೂರಿಗೋ ಮೈಸೂರಿಗೋ. ತೋಟದ ಮಾಲೀಕರ ಗಂಡುಮಕ್ಕಳು ಹೋಗುತ್ತಿದ್ದರು. ತೋಟದ ರೈಟರ ಮಗಳಿಗೆ, ತೋಟದ ಕೂಲಿಯವರ ಲೈನ್ ಮನೆಯ ಹುಡುಗನಿಗೆ ಅದು ಆಗದ ಮಾತಾಗಿತ್ತು. ಊರಿನ ಕೆಲವರು ಸೇರಿ ಸೊಸೈಟಿ ಮಾಡಿದರು. ಒಂದು ಒಕ್ಕದವರು, ಅಂದರೆ ಒಂದು ಕೊಡವ ಮನೆತನದವರು, ಜಾಗ ಕೊಟ್ಟರು. ಆ ಜಾಗದಲ್ಲಿ ಒಂದು ಹಳೆ ಬಂಗಲೆ ಇತ್ತು. ದಪ್ಪ ಗೋಡೆ, ಮಂಗಳೂರು ಹೆಂಚು, ಸುತ್ತಲೂ ಜಗಲಿ. ಮೊದಲ ಕ್ಲಾಸು ನಡೆದದ್ದು ಅದರಲ್ಲೇ. ಆಮೇಲೆ ಸೈನ್ಸ್ ಬ್ಲಾಕ್ ಬಂತು, ಸಭಾಂಗಣ ಬಂತು, ಕೊನೆಯಲ್ಲಿ ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡ. ಹಾಕಿ ಮೈದಾನ ಮಾತ್ರ ಮೊದಲಿನಿಂದಲೂ ಇತ್ತು, ಕೊಡಗಲ್ವಾ.

ಮುಚ್ಚಲು ಒಂದೇ ಕಾರಣ ಹೇಳುವುದು ತಪ್ಪಾಗುತ್ತದೆ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಇಡೀ ಜಿಲ್ಲೆಯಲ್ಲಿ ಆರು ಸಾವಿರ ಜನವೂ ಹೆಚ್ಚಲಿಲ್ಲ. ಇದ್ದ ಮಕ್ಕಳಲ್ಲೂ ಪಿಯುಸಿ ಮುಗಿಸಿದವರು ಮೈಸೂರು, ಮಂಗಳೂರು, ಬೆಂಗಳೂರು ಅಂತ ಬಸ್ ಹತ್ತಿದರು. ನಿವೃತ್ತರಾದ ಮೇಷ್ಟ್ರುಗಳ ಜಾಗ ತುಂಬಲಿಲ್ಲ. ಮೊದಲು ಬಿಎಸ್ಸಿ ನಿಂತಿತು, ಆಮೇಲೆ ಬಿಎ. ಕೊನೆಯ ಬಿಕಾಂ ಬ್ಯಾಚು ಪರೀಕ್ಷೆ ಬರೆದ ದಿನ ಬೀಳ್ಕೊಡುಗೆ ಸಮಾರಂಭವೂ ನಡೆಯಲಿಲ್ಲ. ಗೇಟಿಗೆ ಬೀಗ ಬಿತ್ತು.

ನಾವು ಕಳೆದುಕೊಂಡ ಮೊದಲ ವರ್ಷ

ಸುದ್ದಿ ಬಂದ ವಾರದಲ್ಲೇ ವಾಟ್ಸಾಪ್ ಗ್ರೂಪ್ ಆಯಿತು. ನೂರಾರು ಜನ ಸೇರಿದರು. ಹಳೆ ಫೋಟೋಗಳು, ನೆನಪುಗಳು, ಅಳು. ಆಮೇಲೆ ಒಂದು ಮನವಿ ತಯಾರಾಯಿತು: ಕಾಲೇಜನ್ನು ಮತ್ತೆ ತೆರೆಯಬೇಕು, ಇಡೀ ಆವರಣವನ್ನು ಪಾರಂಪರಿಕ ಜಾಗ ಅಂತ ಘೋಷಿಸಬೇಕು. ಅದನ್ನು ಹಿಡಿದು ಎಲ್ಲ ಕಡೆ ಓಡಾಡಿದೆವು.

ಎರಡೂ ಬೇಡಿಕೆ ನಿಲ್ಲಲಿಲ್ಲ. ತೆರೆಯಿರಿ ಅಂದರೆ ವಿದ್ಯಾರ್ಥಿಗಳು ಎಲ್ಲಿ ಅಂತ ಕೇಳಿದರು, ನಮ್ಮ ಮಕ್ಕಳನ್ನೇ ನಾವು ಅಲ್ಲಿ ಓದಿಸಿರಲಿಲ್ಲ. ಪಾರಂಪರಿಕ ಘೋಷಣೆಯ ವಿಷಯದಲ್ಲಿ, ಪುರಾತನ ಸ್ಮಾರಕಗಳ ಬಗ್ಗೆ ಕರ್ನಾಟಕದ 1961ರ ಕಾಯ್ದೆ ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು ಅನ್ನುತ್ತದೆ. ಕಾಲೇಜಿನ ಕಟ್ಟಡಗಳಿಗೆ ಅಷ್ಟು ವಯಸ್ಸಿಲ್ಲ. ಬಂಗಲೆಗೆ ಇರಬಹುದು, ಆದರೆ ತೋರಿಸಲು ಕಾಗದ ಇರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಸೊಸೈಟಿಯವರ ಜೊತೆ ಮಾಡಿದ ಸಭೆ. ಅದರಲ್ಲಿ ಉಳಿದಿದ್ದವರು ಹೆಚ್ಚಿನವರು ಎಪ್ಪತ್ತು ದಾಟಿದವರು. ನಾವು ಮೂವತ್ತು ಜನ ಒಟ್ಟಿಗೆ ಹೋಗಿ ಲೆಕ್ಕ ಕೇಳುವ ಧ್ವನಿಯಲ್ಲಿ ಮಾತಾಡಿದೆವು. ಅಧ್ಯಕ್ಷರು ಕೊನೆಯವರೆಗೆ ಸುಮ್ಮನೆ ಕೇಳಿ, ಒಂದೇ ಮಾತು ಹೇಳಿದರು: "ಸಂಬಳ ಕೊಡಕ್ಕೆ ನಾವು ಕಾಫಿ ಮಾರಿ ದುಡ್ಡು ಹಾಕ್ತಿದ್ದಾಗ ನೀವೆಲ್ಲ ಎಲ್ಲಿದ್ರಿ ಮಕ್ಕಳೇ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಮೇಲೆ ಏಳೆಂಟು ತಿಂಗಳು ಅವರು ನಮ್ಮ ಫೋನ್ ಎತ್ತಲಿಲ್ಲ. ಅವರದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಅಟೆಂಡರ್ ಅಣ್ಣನ ಫೋನು

ಕೊಡಗಿನಲ್ಲಿ ಖಾಲಿ ಕಟ್ಟಡಕ್ಕೆ ಒಂದು ಮಳೆಗಾಲ ಸಾಕು. ಮಡಿಕೇರಿ ಕಡೆ ವರ್ಷಕ್ಕೆ ಸುಮಾರು 120 ಇಂಚು ಮಳೆ. ತೋಟದವರು ಮಳೆಯನ್ನು ಸೆಂಟ್ಸಿನಲ್ಲಿ ಲೆಕ್ಕ ಹಾಕುತ್ತಾರೆ, ನೂರು ಸೆಂಟ್ಸು ಸೇರಿದರೆ ಒಂದು ಇಂಚು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಐವತ್ತು ಸೆಂಟ್ಸು ಬಿದ್ದರೆ ಖುಷಿ ಪಡುವ ನಾವು, ಜುಲೈನಲ್ಲಿ ಇಂಚುಗಟ್ಟಲೆ ಸುರಿಯುವಾಗ ಎಣಿಸುವುದನ್ನೇ ಬಿಡುತ್ತೇವೆ. ಜನ ಇರುವ ಮನೆಯಲ್ಲಿ ಒಂದು ಹೆಂಚು ಜಾರಿದರೆ ಅದೇ ದಿನ ಯಾರಾದರೂ ಹತ್ತಿ ಸರಿ ಮಾಡುತ್ತಾರೆ. ಖಾಲಿ ಮನೆಯಲ್ಲಿ ಆ ಒಂದು ಹೆಂಚಿನಿಂದ ಮಾಡಿನ ಮರದ ಪಕ್ಕಾಸು ನೆನೆಯುತ್ತದೆ, ಆಮೇಲೆ ಗೋಡೆ, ಆಮೇಲೆ ಗೆದ್ದಲು.

ಎರಡನೇ ಮಳೆಗಾಲದಲ್ಲಿ ಸಿಲ್ವರ್ ಓಕ್ ಮರದ ಕೊಂಬೆ ಆಫೀಸ್ ಕೋಣೆಯ ಮೇಲೆ ಬಿತ್ತು. ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು ನಿವೃತ್ತಿಯ ಮೇಲೂ ಅಲ್ಲೇ ಪಕ್ಕದಲ್ಲಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ, ಆದರೂ ದಿನಾ ಒಂದು ಸುತ್ತು ಬರುತ್ತಿದ್ದರು. ಕಾಫಿ ತುಂಬುವ ಗೋಣಿ ಚೀಲಗಳಲ್ಲಿ ಅಡ್ಮಿಷನ್ ರಿಜಿಸ್ಟರುಗಳನ್ನು ತುಂಬಿ, ಬೆನ್ನ ಮೇಲೆ ಹೊತ್ತು ಕೆಮಿಸ್ಟ್ರಿ ಲ್ಯಾಬಿನ ಮೇಜಿನ ಮೇಲೆ ಇಟ್ಟು, ರಾತ್ರಿ ನನಗೆ ಫೋನ್ ಮಾಡಿದರು.

"ಏನಮ್ಮ, ನೀವೆಲ್ಲ ಬಿಲ್ಡಿಂಗು ಬಿಲ್ಡಿಂಗು ಅಂತೀರಿ. ಇಲ್ಲಿ ನಿಮ್ಮ ಹೆಸರಿರೋ ಪುಸ್ತಕ ನೆನೀತಾ ಇದೆ."

ಈ ಪ್ರಕರಣದಲ್ಲಿ ಎಲ್ಲ ತಿರುಗಿದ್ದು ಅಲ್ಲಿಂದ. ಒಂದು ವರ್ಷಕ್ಕೂ ಜಾಸ್ತಿ ಹೊತ್ತು ನಾವು ಪರಂಪರೆ ಅಂತ ಮಾತಾಡಿದ್ದೆವು, ನಮ್ಮಲ್ಲಿ ಒಬ್ಬರಿಗೂ ರಿಜಿಸ್ಟರುಗಳ ನೆನಪಾಗಿರಲಿಲ್ಲ. ಯೋಚನೆ ಮಾಡಿ. ಈ ಕಾಲೇಜಿನಲ್ಲಿ ಓದಿದವರಲ್ಲಿ 1980ಕ್ಕೆ ಮುಂಚಿನವರದು ಮೈಸೂರು ವಿಶ್ವವಿದ್ಯಾಲಯದ ಡಿಗ್ರಿ, ಆಮೇಲಿನವರದು ಮಂಗಳೂರು ವಿಶ್ವವಿದ್ಯಾಲಯದ್ದು. ಮಾರ್ಕ್ಸ್ ಕಾರ್ಡಿನ ದಾಖಲೆ ಅಲ್ಲಿ ಸಿಗಬಹುದು. ಆದರೆ ಯಾರು ಯಾವ ಊರಿನಿಂದ ಬಂದರು, ಅಪ್ಪ ಏನು ಮಾಡುತ್ತಿದ್ದರು, ಮನೆಮಾತು ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ, ಫೀಸು ಕಟ್ಟಲಾಗದೆ ಯಾವ ತಿಂಗಳು ಬಿಟ್ಟು ಹೋದರು, ಇದೆಲ್ಲ ಇದ್ದದ್ದು ಆ ಪುಸ್ತಕಗಳಲ್ಲಿ ಮಾತ್ರ. ಕಟ್ಟಡ ಬಿದ್ದರೆ ಅದರ ಹಳೆ ಫೋಟೋ ಆದರೂ ನೂರು ಜನರ ಹತ್ತಿರ ಇದೆ. ರಿಜಿಸ್ಟರಿಗೆ ಎರಡನೇ ಪ್ರತಿ ಇರಲಿಲ್ಲ.

ನಾನು ಮರುದಿನ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಒಬ್ಬಳೇ ಹೋದೆ. ಮನವಿ ಪತ್ರ ಇಲ್ಲ, ಗುಂಪು ಇಲ್ಲ. "ಸರ್, ಪುಸ್ತಕ ಒಣಗಿಸಕ್ಕೆ ಒಂದು ಕೋಣೆ ಬೇಕು, ಬೀಗದ ಕೈ ಕೊಡ್ತೀರಾ?" ಅಂತ ಅಷ್ಟೇ ಕೇಳಿದೆ. ಅವರು ಒಳಗೆ ಹೋಗಿ ಬೀಗದ ಕೈ ಗೊಂಚಲು ತಂದು ಕೈಗಿಟ್ಟರು. ಅವರ ಹೆಂಡತಿ ಕಾಫಿ ಕೊಟ್ಟರು. ಅಷ್ಟು ದೊಡ್ಡ ಸಭೆಯಿಂದ ಆಗದ್ದು ಹತ್ತು ನಿಮಿಷದಲ್ಲಿ ಆಯಿತು.

ಒಣಗಿಸಿದ ಬಗೆ, ಮತ್ತು ಒಂದು ತಪ್ಪು

ಒಬ್ಬ ಗೆಳೆಯರು ತೋಟದ ಡ್ರೈಯರ್ ಬಳಸೋಣ ಅಂದರು. ಮತ್ತೊಬ್ಬರು ಬಿಸಿಲು ಬಂದಾಗ ಕಾಫಿ ಕಣದಲ್ಲಿ ಹರಡೋಣ ಅಂದರು. ಪುಣ್ಯಕ್ಕೆ ಮೈಸೂರಿನಲ್ಲಿ ಹಳೆ ಹಸ್ತಪ್ರತಿಗಳ ಕೆಲಸ ಮಾಡಿದವರೊಬ್ಬರನ್ನು ಮೊದಲು ಕೇಳಿದೆವು. ಬಿಸಿ ಬೇಡ, ಬಿಸಿಲು ಬೇಡ, ಅಂಟಿಕೊಂಡ ಹಾಳೆ ಎಳೆಯಬೇಡಿ ಅಂದರು. ಒದ್ದೆ ಕಾಗದಕ್ಕೆ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಗಾಳಿಯಾಡಬೇಕು. ಬರವಣಿಗೆ ಇಲ್ಲದ ಬಿಳಿ ಕಾಗದವನ್ನು ಹಾಳೆಗಳ ನಡುವೆ ಇಟ್ಟು, ನೆನೆದಾಗ ತೆಗೆದು ಬೇರೆ ಇಡಬೇಕು. ಫ್ಯಾನು ನೇರವಾಗಿ ಪುಸ್ತಕಕ್ಕೆ ತಾಗಬಾರದು. ನಾವು ಲ್ಯಾಬಿನಲ್ಲಿ ಆರು ಫ್ಯಾನು ಹಾಕಿ, ಪಾಳಿಯಲ್ಲಿ ಕೂತು, ಮೂರು ವಾರ ಇದನ್ನೇ ಮಾಡಿದೆವು. ಕರೆಂಟು ಹೋದಾಗ ಜನರೇಟರ್. ಇಂಕ್ ಪೆನ್ನಿನ ನೀಲಿ ಬರಹ ಹಲವು ಕಡೆ ಹರಡಿ ಹೋಗಿತ್ತು, ಬಾಲ್ ಪೆನ್ನಿನದು ಉಳಿದಿತ್ತು. ಹಾಗಾಗಿ ಹಳೆಯ ವರ್ಷಗಳೇ ಜಾಸ್ತಿ ಹಾಳಾದವು. ಎರಡು ರಿಜಿಸ್ಟರು ಪೂರ್ತಿ ಹೋದವು.

ಇದರ ನಡುವೆ ನಮ್ಮವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಮೊದಲ ಬ್ಯಾಚಿನ ಗ್ರೂಪ್ ಫೋಟೋವನ್ನು ತೆಗೆದುಕೊಂಡು ಹೋಗಿ ಲ್ಯಾಮಿನೇಷನ್ ಮಾಡಿಸಿ ತಂದರು. ಒಳಗೆ ತೇವ ಇತ್ತು. ಕೆಲವೇ ತಿಂಗಳಲ್ಲಿ ಮುಖಗಳ ಮೇಲೆ ಕಲೆ ಹರಡಿತು, ಪ್ಲಾಸ್ಟಿಕ್ ಬಿಡಿಸಲು ಆಗಲಿಲ್ಲ. ಹಳೆ ಕಾಗದ, ಹಳೆ ಫೋಟೋ ಯಾವುದನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಒಣಗಿದ ಮೇಲೆ ಸ್ಕ್ಯಾನ್ ಮಾಡಿದೆವು. ಮೂರು ಪ್ರತಿ, ಮೂರು ಬೇರೆ ಜಾಗದಲ್ಲಿ, ಒಂದು ಕೊಡಗಿನ ಹೊರಗೆ. ಇಲ್ಲಿ ಜೋರು ಜಗಳವಾಯಿತು. ಎಲ್ಲವನ್ನೂ ಆನ್‌ಲೈನ್‌ನಲ್ಲಿ ಹಾಕಿಬಿಡೋಣ ಅಂತ ಕಿರಿಯರ ಒತ್ತಾಯ. ಆದರೆ ರಿಜಿಸ್ಟರಿನಲ್ಲಿ ಜಾತಿ ಇದೆ, ಅಪ್ಪನ ಆದಾಯ ಇದೆ, ಕೆಲವರ ಹೆಸರಿನ ಮುಂದೆ 'ಶಿಸ್ತು ಕ್ರಮ' ಅಂತ ಕೆಂಪು ಶಾಯಿಯಲ್ಲಿ ಬರೆದದ್ದೂ ಇದೆ. ಹಿಂದೆ ಓದಿದ ಅಕ್ಕ ಒಬ್ಬರು ಆ ಸಭೆಯಲ್ಲಿ ಎದ್ದು ನಿಂತು, "ನನ್ನ ಮದುವೆ ಆಗಿ ಓದು ನಿಲ್ಲಿಸಿದ್ದು ನನ್ನ ಮೊಮ್ಮಕ್ಕಳು ನನ್ನಿಂದ ತಿಳೀಬೇಕು, ಫೋನಿನಿಂದ ಅಲ್ಲ" ಅಂದರು. ಅಲ್ಲಿಗೆ ತೀರ್ಮಾನವಾಯಿತು. ಹೆಸರು ಮತ್ತು ವರ್ಷದ ಪಟ್ಟಿ ಮಾತ್ರ ಎಲ್ಲರಿಗೂ. ಪುಟದ ಪ್ರತಿ ಬೇಕಾದರೆ ಆ ವ್ಯಕ್ತಿಯೇ ಬರಬೇಕು, ಅವರು ಇಲ್ಲವಾದರೆ ಮನೆಯವರು. ಇಡೀ ಕೆಲಸದಲ್ಲಿ ನಾವು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ ಇದೇ ಅಂತ ನನ್ನ ಅನಿಸಿಕೆ.

ದಾನಪತ್ರ

ಪೇಪರುಗಳನ್ನು ಜೋಡಿಸುವಾಗ ಒಂದು ಹಳೆ ಪತ್ರದಲ್ಲಿ ಜಾಗದ ದಾನಪತ್ರದ ನಂಬರು ಸಿಕ್ಕಿತು. ಕೊಡಗಿನಲ್ಲಿ ಜಾಗದ ಮಾತು ಬಂದರೆ ವಕೀಲರ ಮೊದಲ ಪ್ರಶ್ನೆ, ಜಮ್ಮಾನಾ, ಬಾಣೆನಾ, ಪೈಸಾರಿನಾ? ಇವು ಕೊಡಗಿನಲ್ಲಿ ಜಮೀನಿನ ಬಗೆಗಳು. ಅದು ಇತ್ಯರ್ಥ ಆಗದೆ ಯಾರೂ ಮುಂದೆ ಹೋಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ಪ್ರತಿ ತೆಗೆಸಿದೆವು. ಜಾಗವನ್ನು ವಿದ್ಯಾಭ್ಯಾಸದ ಉದ್ದೇಶಕ್ಕೆ ಕೊಟ್ಟಿದ್ದೇವೆ ಅಂತ ಅದರಲ್ಲಿ ಬರೆದಿತ್ತು.

ಆ ಹೊತ್ತಿಗೆ ರೆಸಾರ್ಟ್ ಮಾಡುವವರೊಬ್ಬರು ಸೊಸೈಟಿಯನ್ನು ಕಂಡಿದ್ದರು. ಈ ಸಾಲನ್ನು ಹಿಡಿದು ಕೋರ್ಟಿಗೆ ಹೋಗೋಣ ಅಂತ ನಮ್ಮಲ್ಲಿ ಅರ್ಧ ಜನ ಎದ್ದು ನಿಂತರು. ನಾವು ಹೋಗಲಿಲ್ಲ. ಮೊದಲು ದಾನ ಕೊಟ್ಟ ಒಕ್ಕದವರ ಹತ್ತಿರ ಹೋದೆವು. ಪುತ್ತರಿ ಅಂದರೆ ಸುಗ್ಗಿ ಹಬ್ಬದ ಸಮಯದಲ್ಲಿ ಊರಿನಿಂದ ಹೊರಗಿದ್ದವರೂ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಬಂದಿರುತ್ತಾರೆ, ಹಾಗಾಗಿ ಆ ವಾರವನ್ನೇ ಆರಿಸಿಕೊಂಡೆವು. ಅಲ್ಲೂ ಒಮ್ಮತ ಇರಲಿಲ್ಲ. ಕಾಲೇಜೇ ಇಲ್ಲ ಅಂದಮೇಲೆ ಜಾಗ ನಮಗೆ ವಾಪಸ್ ಬರಲಿ ಅಂತ ಕಿರಿಯರಲ್ಲಿ ಕೆಲವರು ಕೇಳಿದರು, ಅದೂ ನ್ಯಾಯವಾದ ಪ್ರಶ್ನೆಯೇ. ಒಕ್ಕದ ಹಿರಿಯರಾದ ಪಟ್ಟೆದಾರರು ಎಲ್ಲರ ಮಾತು ಕೇಳಿ, ಅಜ್ಜ ಕೊಟ್ಟದ್ದನ್ನು ಮೊಮ್ಮಕ್ಕಳು ಕೇಳಬಾರದು, ಆದರೆ ಬೇರೆಯವರು ಮಾರಲೂಬಾರದು ಅಂದರು. ಆ ಮಾತನ್ನು ಒಕ್ಕದ ಪರವಾಗಿ ಬರೆದು ಸೊಸೈಟಿಗೆ ಕೊಟ್ಟರು. ರೆಸಾರ್ಟಿನ ಮಾತು ಅಲ್ಲಿಗೆ ತಣ್ಣಗಾಯಿತು.

ಸೊಸೈಟಿಯ ಹಿರಿಯರಿಗೂ ಒಂದು ಭಯ ಇತ್ತು. ನಾವು ಸತ್ತ ಮೇಲೆ ಇದು ಏನಾಗುತ್ತದೆ ಅಂತ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಮುಚ್ಚಿದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಘಕ್ಕೆ ಹೋಗಬೇಕು. ಆ ಇನ್ನೊಂದು ಸಂಘ ನಾವಾಗಬಹುದು ಅನ್ನುವುದು ಅವರಿಗೂ ನಮಗೂ ಒಟ್ಟಿಗೆ ಹೊಳೆಯಿತು. ಕನಿಷ್ಠ ಏಳು ಜನ ಬೇಕು, ನಾವು ಹನ್ನೊಂದು ಜನ ಸೇರಿ ನೋಂದಣಿ ಮಾಡಿಸಿದೆವು. ಅದರಲ್ಲಿ ಅಟೆಂಡರ್ ಅಣ್ಣನೂ ಒಬ್ಬರು.

ದುಡ್ಡು

ಹೊರದೇಶದಲ್ಲಿರುವ ಹಳೆ ವಿದ್ಯಾರ್ಥಿಗಳು ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ಇಲ್ಲಿ ಹುಷಾರಾಗಿರಬೇಕು. ಗಲ್ಫಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ, ಹೊಸ ಸಂಘಕ್ಕೆ ಆ ನೋಂದಣಿ ಸುಲಭವಾಗಿ ಸಿಗುವುದೂ ಇಲ್ಲ. ನಮ್ಮ ಲೆಕ್ಕ ನೋಡುವವರು ಸಮಯಕ್ಕೆ ಹೇಳಿದ್ದರಿಂದ ಒಂದು ಚೆಕ್ಕನ್ನು ವಾಪಸ್ ಕಳಿಸಿದೆವು. ಕೊಟ್ಟವರಿಗೆ ಬೇಜಾರಾಯಿತು, ಆಮೇಲೆ ಅರ್ಥ ಮಾಡಿಕೊಂಡರು. ಕೊನೆಗೆ ಜಾಸ್ತಿ ದುಡ್ಡು ಬಂದದ್ದು ಊರಿನವರಿಂದಲೇ, ಸಣ್ಣ ಸಣ್ಣ ಮೊತ್ತದಲ್ಲಿ.

ನಮ್ಮ ಕಾಲೇಜಿನಲ್ಲಿ ಓದದವರೂ ಕೊಟ್ಟರು. ಅದಕ್ಕೆ ಕಾರಣ 2018ರ ಆಗಸ್ಟ್. ಗುಡ್ಡ ಕುಸಿದು ಮನೆ ಬಿಟ್ಟು ಬಂದವರಿಗೆ ಜಿಲ್ಲೆಯ ಶಾಲೆಗಳು, ಸಭಾಂಗಣಗಳು ಪರಿಹಾರ ಕೇಂದ್ರ ಆಗಿದ್ದವು. ಇಲ್ಲಿನ ಸಭಾಂಗಣದಲ್ಲೂ ಎಷ್ಟೋ ಕುಟುಂಬಗಳು ದಿನಗಟ್ಟಲೆ ಇದ್ದವು. ಒಬ್ಬ ಹೆಂಗಸು ಬಂದು, "ನಾನು ಎಸ್ಸೆಸ್ಸೆಲ್ಸಿನೂ ಓದಿಲ್ಲ, ಆದರೆ ಆ ಹಾಲ್‌ನಲ್ಲಿ ನನ್ನ ಮಗು ನಿದ್ದೆ ಮಾಡಿದೆ" ಅಂತ ಐನೂರು ರೂಪಾಯಿ ಕೊಟ್ಟರು. ಅಲ್ಲಿಯವರೆಗೆ ಇದು ಹಳೆ ವಿದ್ಯಾರ್ಥಿಗಳ ಸ್ವತ್ತು ಅಂತ ನಾವು ಅಂದುಕೊಂಡಿದ್ದೆವು. ಆ ದಿನದಿಂದ ಸಭೆಗಳಿಗೆ ಊರಿನವರನ್ನೂ ಕರೆಯಲು ಶುರು ಮಾಡಿದೆವು. ಪಂಚಾಯಿತಿಯವರು ನಮ್ಮ ಜೊತೆ ನಿಂತದ್ದು ಅದಾದ ಮೇಲೆಯೇ.

ಬಂಗಲೆಯ ರಿಪೇರಿ

ಗೋಡೆ ಯಾಕೆ ತೇವ ಹಿಡಿಯುತ್ತಿದೆ ಅಂತ ನೋಡಿದಾಗ ಕಾರಣ ಸಿಕ್ಕಿತು. ಕಾಲೇಜಿನ ಕೊನೆಯ ವರ್ಷಗಳಲ್ಲಿ ಹಳೆ ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಬಳಿದಿದ್ದರು. ಸುಣ್ಣದ ಗೋಡೆ ಹೀರಿದ ನೀರನ್ನು ಗಾಳಿಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ಗೋಡೆ ಒಳಗಿನಿಂದ ಪುಡಿಯಾಗುತ್ತಿತ್ತು. ಸಿಮೆಂಟ್ ಕೆತ್ತಿ ತೆಗೆದು ಮತ್ತೆ ಸುಣ್ಣ ಹಾಕಬೇಕಿತ್ತು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ಸಿಕ್ಕಿದ ಮೇಲೆ ಇನ್ನೊಂದು ತೊಡಕು: ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಮಳೆ ಇಲ್ಲದ ಕಾಲ ಬೇಕು. ಕೊಡಗಿನಲ್ಲಿ ಮಳೆ ಇಲ್ಲದ ಕಾಲವೇ ಕಾಫಿ ಕೊಯ್ಲಿನ ಕಾಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಬ್ಬ ಆಳೂ ಸಿಗಲಿಲ್ಲ. ಕೊಯ್ಲು ಮುಗಿದು ಮುಂಗಾರು ಬರುವ ತನಕ ಸಿಕ್ಕಿದ ಎರಡು ತಿಂಗಳಲ್ಲಿ ಎರಡು ಕೋಣೆ ಮಾತ್ರ ಆಯಿತು. ಉಳಿದದ್ದಕ್ಕೆ ಹೆಂಚಿನ ಮೇಲೆ ತಗಡಿನ ಶೀಟು ಹಾಕಿಸಿದೆವು. ನೋಡಲು ಚೆನ್ನಾಗಿಲ್ಲ, ಗ್ರೂಪಿನಲ್ಲಿ ತುಂಬಾ ಜನ ಬೈದರು. ನಾನು ಈಗಲೂ ಹೇಳುತ್ತೇನೆ, ಅದು ಸರಿಯಾದ ಕೆಲಸ. ಶೀಟನ್ನು ಯಾವಾಗ ಬೇಕಾದರೂ ತೆಗೆಯಬಹುದು. ಕೊಳೆತ ಪಕ್ಕಾಸನ್ನು ವಾಪಸ್ ತರಲು ಆಗುವುದಿಲ್ಲ.

ಏನು ಉಳಿಯಿತು, ಏನು ಹೋಯಿತು

ಬಂಗಲೆ ಮತ್ತು ಮೈದಾನ ನಮ್ಮ ಸಂಘಕ್ಕೆ ಲೀಸಿಗೆ ಬಂತು. ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳೋಣ, ಖರ್ಚು ಕಡಿಮೆ ಅಂತ ಸಲಹೆ ಬಂತು. ನಾವು ಒಪ್ಪಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸನ್ನು ನೋಂದಣಿ ಮಾಡಿಸಲೇಬೇಕು, ಅದರ ಖರ್ಚು ಕೊಟ್ಟು ದೀರ್ಘ ಅವಧಿಗೆ ಮಾಡಿಸಿದೆವು. ಪ್ರತಿ ವರ್ಷ ಬೇರೆಯವರ ಮರ್ಜಿ ಕಾಯುತ್ತಾ ಹಳೆ ಗೋಡೆ ರಿಪೇರಿ ಮಾಡಲು ಆಗುವುದಿಲ್ಲ. ಮೂರು ಅಂತಸ್ತಿನ ಕಟ್ಟಡವನ್ನು ಸೊಸೈಟಿಯವರು ಒಂದು ತರಬೇತಿ ಸಂಸ್ಥೆಗೆ ಕೊಟ್ಟರು, ಅದೂ ಓದಿನ ಕೆಲಸವೇ. ಅದರ ಬಾಡಿಗೆಯಲ್ಲಿ ಒಂದು ಪಾಲು ಬಂಗಲೆಯ ಮೇಲೆ ಖರ್ಚಾಗುತ್ತದೆ.

ಸೈನ್ಸ್ ಬ್ಲಾಕ್ ಉಳಿಯಲಿಲ್ಲ. ನಾವು ರಿಜಿಸ್ಟರು ಒಣಗಿಸಿದ ಲ್ಯಾಬು ಇದ್ದದ್ದು ಅದರಲ್ಲೇ. ಮಾಡು ಕುಸಿದ ಮೇಲೆ ಕೆಡವಿದರು. ನಾನು ನೋಡಲು ಹೋಗಲಿಲ್ಲ. ಲೈಬ್ರರಿಯ ಪುಸ್ತಕಗಳಲ್ಲಿ ಗೆದ್ದಲು ತಿನ್ನದೆ ಬಿಟ್ಟದ್ದು ಬೇರೆ ಎರಡು ಕಾಲೇಜುಗಳಿಗೆ ಹೋಯಿತು. ಮೊದಲ ವರ್ಷ ಮನವಿ ಹಿಡಿದು ಓಡಾಡುವ ಬದಲು ಒಂದು ಏಣಿ, ನೂರು ಹೆಂಚು ತಂದಿದ್ದರೆ ಆ ಬ್ಲಾಕ್ ಇವತ್ತೂ ಇರುತ್ತಿತ್ತೇನೋ. ಈ ಪ್ರಕರಣದಿಂದ ಯಾರಾದರೂ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ: ಬೀಗ ಬಿದ್ದ ವಾರದಲ್ಲೇ ಒಳಗಿನ ಕಾಗದ ಎಲ್ಲಿದೆ, ಸೂರು ಎಲ್ಲಿ ಸೋರುತ್ತದೆ, ದಿನಾ ಆ ಕಡೆ ಯಾರು ಓಡಾಡುತ್ತಾರೆ ಅಂತ ಕೇಳಿ. ಆ ಮೂರನೆಯವರನ್ನು ಮೊದಲು ಹೋಗಿ ಕಾಣಿ. ದೊಡ್ಡ ಬೇಡಿಕೆಗಳಿಗೆ ಆಮೇಲೆ ಸಮಯ ಸಿಗುತ್ತದೆ.

ಈಗ ಬಂಗಲೆಯ ಒಂದು ಕೋಣೆಯಲ್ಲಿ ರಿಜಿಸ್ಟರುಗಳಿವೆ, ನೆಲದಿಂದ ಒಂದೂವರೆ ಅಡಿ ಮೇಲೆ, ಗೋಡೆಗೆ ತಾಗದ ಹಾಗೆ. ಶನಿವಾರ ಮಧ್ಯಾಹ್ನ ತೆರೆಯುತ್ತೇವೆ. ಅಂಗನವಾಡಿಯಲ್ಲಿ ಕೆಲಸ ಮಾಡಿದವರೊಬ್ಬರು ಹುಟ್ಟಿದ ದಿನಾಂಕದ ದಾಖಲೆ ಬೇಕು ಅಂತ ಬಂದಿದ್ದರು. ಪುಟ ತೆಗೆದು ತೋರಿಸಿದಾಗ ಅವರು ದಿನಾಂಕ ನೋಡಲೇ ಇಲ್ಲ. ಕೆಳಗೆ ಅವರ ಅಪ್ಪನ ರುಜು ಇತ್ತು, ಒಂದೊಂದೇ ಅಕ್ಷರ ಕೂಡಿಸಿ ಬರೆದದ್ದು. ಅದನ್ನೇ ನೋಡುತ್ತಾ ಕೂತರು. ಆ ದಿನ ಕೋಣೆ ಮುಚ್ಚುವಾಗ ಏಳು ಗಂಟೆಯಾಗಿತ್ತು.

ಮೇ ತಿಂಗಳ ಮೊದಲ ಭಾನುವಾರ ಹೆಂಚು ನೋಡುವ ದಿನ. ಮಾಡಿನ ಅಂಚಿನಲ್ಲಿ ಮಳೆ ನೀರು ಹರಿಯುವ ದೋಣಿಗಳಲ್ಲಿ ತುಂಬಿದ ಎಲೆ ತೆಗೆಯಬೇಕು, ಹಿಂದಿನ ಚರಂಡಿ ಬಿಡಿಸಬೇಕು. ಅಟೆಂಡರ್ ಅಣ್ಣನಿಗೆ ಈಗ ಏಣಿ ಹತ್ತಲು ಆಗುವುದಿಲ್ಲ. ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಎಡಕ್ಕೆ, ಇನ್ನೂ ಎಡಕ್ಕೆ, ಆ ಮೂಲೆದು ನೋಡು ಅಂತ ಹುಡುಗರಿಗೆ ಹೇಳುತ್ತಿರುತ್ತಾರೆ.